ಬೆಲೆಯ ಊಹೆ, ಬೆಲೆಯ ಗಣಿತ: ಮಹಾವೀರಾಚಾರ್ಯನಿಂದ ಬಲ್ಮಠದವರೆಗೆ

ಮಂಗಳೂರಿನ ಬಲ್ಮಠ ರಸ್ತೆಯಲ್ಲಿ ಹಬ್ಬದ ದಿನಗಳಲ್ಲಿ ನಡೆದುಹೋಗುವವರ ಕಣ್ಣಿಗೆ ಅಕ್ಷರಗಳಿಗಿಂತ ಅಂಕಿಗಳೇ ಹೆಚ್ಚಾಗಿ ಬೀಳುತ್ತವೆ. ಶೇಕಡ 50, ಅದರ ಮೇಲೆ ಮತ್ತೆ ಶೇಕಡ 20; ಎರಡು ಕೊಂಡರೆ ಒಂದು ಉಚಿತ. ಕೆಲವು ವರ್ಷಗಳ ಹಿಂದೆ ಇಲ್ಲಿಯ ಮಳಿಗೆಯೊಂದರ ಮುಂದೆ ದೂರದರ್ಶನದ ಆಟಗಳನ್ನು ಅನುಕರಿಸಿದ ಸ್ಪರ್ಧೆಯೊಂದು ನಡೆಯುತ್ತಿತ್ತು. ಮೇಜಿನ ಮೇಲೆ ಒಂದು ವಸ್ತು, ಅದರ ಬೆಲೆಯ ಚೀಟಿಯ ಮೇಲೆ ಒಂದು ಬಟ್ಟೆ. ನಿಜವಾದ ಬೆಲೆಗೆ ಯಾರ ಊಹೆ ಹತ್ತಿರವೋ ಅವರಿಗೆ ಬಹುಮಾನ. ನನ್ನ ಪಕ್ಕದಲ್ಲಿ ನಿಂತಿದ್ದ ವಿದ್ಯಾರ್ಥಿಯೊಬ್ಬ, ‘ಸರ್, ಇಂತಹದು ನಮ್ಮ ಹಳೆಯ ಸಾಹಿತ್ಯದಲ್ಲಿ ಎಲ್ಲಿಯಾದರೂ ಇದೆಯೇ?’ ಎಂದು ಕೇಳಿದ. ಆಗ ನಕ್ಕು ಸುಮ್ಮನಾದೆ. ಪ್ರಶ್ನೆ ಮಾತ್ರ ಉಳಿದುಕೊಂಡಿತು. ಪ್ರಸ್ತುತ ಲೇಖನ ಅವನಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಉತ್ತರವನ್ನು ಮೊದಲೇ ಸಂಗ್ರಹವಾಗಿ ಹೇಳುವುದಾದರೆ ಇಷ್ಟು: ಬೆಲೆಯನ್ನು ಊಹಿಸುವುದು ಒಂದು ಕಲೆ, ಬೆಲೆಯನ್ನು ಕಾಣುವುದು ಬೇರೆಯೇ ಒಂದು ವಿದ್ಯೆ. ಕನ್ನಡನಾಡು ಎರಡನೆಯದಕ್ಕೆ ಶಾಸ್ತ್ರವನ್ನು ಕಟ್ಟಿತು. ಆ ಶಾಸ್ತ್ರವನ್ನು ನಾವು ಸಾಹಿತ್ಯಚರಿತ್ರೆಯ ಅಡಿಟಿಪ್ಪಣಿಗೆ ಸರಿಸಿಬಿಟ್ಟಿರುವುದರಿಂದ ಮೊದಲನೆಯದು ನಮಗೆ ಹೊಸದಾಗಿಯೂ ಆಕರ್ಷಕವಾಗಿಯೂ ಕಾಣುತ್ತಿದೆ.

ಮುಚ್ಚಿಟ್ಟ ಬೆಲೆ

ಬೆಲೆ ಊಹಿಸುವ ದೂರದರ್ಶನದ ಆಟಗಳಲ್ಲಿ ಜಗತ್ಪ್ರಸಿದ್ಧವಾದುದು ಅಮೆರಿಕದ ‘ದಿ ಪ್ರೈಸ್ ಈಸ್ ರೈಟ್’. 1956ರಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾದ ಈ ಕಾರ್ಯಕ್ರಮ 1965ರಲ್ಲಿ ನಿಂತು, 1972ರಲ್ಲಿ ಸಿಬಿಎಸ್ ವಾಹಿನಿಯಲ್ಲಿ ಹೊಸ ರೂಪದಲ್ಲಿ ಮರಳಿ ಬಂದಿತು. ಅಂದಿನಿಂದ 2007ರವರೆಗೆ ಬಾಬ್ ಬಾರ್ಕರ್ ಅದನ್ನು ನಡೆಸಿಕೊಟ್ಟರು. ಆಟದ ಮೊದಲ ಘಟ್ಟದ ನಿಯಮ ಸರಳ. ನಾಲ್ವರು ಸ್ಪರ್ಧಿಗಳು ಒಂದೇ ವಸ್ತುವಿನ ಬೆಲೆಯನ್ನು ಒಬ್ಬರಾದ ಮೇಲೆ ಒಬ್ಬರಂತೆ ಹೇಳಬೇಕು. ನಿಜವಾದ ಬೆಲೆಯನ್ನು ಮೀರದೆ ಅದಕ್ಕೆ ಅತಿ ಸಮೀಪವಾದ ಮೊತ್ತವನ್ನು ಹೇಳಿದವನು ಗೆದ್ದ.

‘ಮೀರದೆ’ ಎಂಬ ಈ ಒಂದು ಮಾತಿನಲ್ಲಿಯೇ ಆಟದ ಒಳಗುಟ್ಟಿದೆ. ನಾಲ್ಕನೆಯವನಿಗೆ ಹಿಂದಿನ ಮೂವರ ಮಾತೂ ಗೊತ್ತಿರುತ್ತದೆ. ಅವರಲ್ಲಿ ಒಬ್ಬನ ಮೊತ್ತಕ್ಕೆ ಒಂದೇ ಒಂದು ಡಾಲರು ಸೇರಿಸಿ ಹೇಳಿದರೆ ಆ ಒಬ್ಬನ ಅವಕಾಶವನ್ನೆಲ್ಲ ಅವನು ಕಿತ್ತುಕೊಂಡಂತೆ. ಅಂದರೆ ಅವನಿಗೆ ವಸ್ತುವಿನ ಬೆಲೆಗಿಂತ ಪಕ್ಕದವನ ಮಾತೇ ಮುಖ್ಯ. 1996ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಬರ್ಕ್, ಹ್ಯೂಸನ್ ಮತ್ತು ವಾಂಡೆಜಾಂಡೆ ಎಂಬ ಅರ್ಥಶಾಸ್ತ್ರಜ್ಞರು ಈ ಆಟದ ಕೂಗುಬೆಲೆಗಳನ್ನೇ ಪರಿಶೀಲಿಸಿ, ಸ್ಪರ್ಧಿಗಳು ಅನೇಕ ವೇಳೆ ಇಷ್ಟು ಸರಳವಾದ ಉಪಾಯವನ್ನೂ ಬಳಸಿಕೊಳ್ಳುವುದಿಲ್ಲವೆಂದು ತೋರಿಸಿದರು. 2008ರಲ್ಲಿ ಸ್ಪರ್ಧಿಯೊಬ್ಬರು ಕೊನೆಯ ಸುತ್ತಿನ ಬಹುಮಾನಗಳ ಒಟ್ಟು ಬೆಲೆಯನ್ನು 23,743 ಡಾಲರು ಎಂದು ಒಂದು ಡಾಲರೂ ತಪ್ಪದೆ ಹೇಳಿದಾಗ ನೋಡಿದವರು ಬೆರಗಾದರು. ಕಾರ್ಯಕ್ರಮವನ್ನು ಬಹುಕಾಲ ಗಮನಿಸಿ, ಮತ್ತೆ ಮತ್ತೆ ಬರುವ ವಸ್ತುಗಳ ಬೆಲೆಗಳನ್ನು ನೆನಪಿಟ್ಟುಕೊಂಡದ್ದೇ ಇದರ ಹಿಂದಿನ ಗುಟ್ಟೆಂದು ಅವರು ಆಮೇಲೆ ವಿವರಿಸಿದರು. ಆದುದರಿಂದ ಈ ಆಟದಲ್ಲಿ ಗೆಲ್ಲಿಸುವುದು ಒಂದೋ ಪಕ್ಕದವನ ಮೇಲಿನ ಕಣ್ಣು, ಇಲ್ಲವೇ ನೆನಪಿನ ಶಕ್ತಿ. ಲೆಕ್ಕದಿಂದ ಬೆಲೆಯನ್ನು ತಲಪುವ ದಾರಿಯನ್ನು ಇಲ್ಲಿ ಬೇಕೆಂದೇ ಮುಚ್ಚಲಾಗಿದೆ. ಲೆಕ್ಕಕ್ಕೆ ಬೇಕಾದ ದತ್ತಾಂಶವನ್ನೇ ಕೊಟ್ಟಿರುವುದಿಲ್ಲ.

ಮಾದಲಹಣ್ಣು ಮತ್ತು ಬೇಲದಹಣ್ಣು

ಈಗ ಸುಮಾರು ಹನ್ನೊಂದೂವರೆ ಶತಮಾನಗಳಷ್ಟು ಹಿಂದಕ್ಕೆ ಹೋಗೋಣ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲವೆಂದರೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಥಟ್ಟನೆ ನೆನಪಾಗುವುದು ‘ಕವಿರಾಜಮಾರ್ಗ’. ಅದೇ ದೊರೆಯ ಆಶ್ರಯಕಾಲದಲ್ಲಿ, ಸುಮಾರು ಕ್ರಿ.ಶ. 850ರ ಹೊತ್ತಿಗೆ, ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಕಾವ್ಯಕ್ಕೆ ಲಕ್ಷಣವನ್ನೂ ವ್ಯವಹಾರಕ್ಕೆ ಗಣಿತವನ್ನೂ ಒಂದೇ ಆಳ್ವಿಕೆ ಪೋಷಿಸಿತೆಂಬುದು ಆಕಸ್ಮಿಕವಲ್ಲ. ಗ್ರಂಥದ ಆರಂಭದಲ್ಲಿ ಆಚಾರ್ಯನು ಗಣಿತ ಎಲ್ಲೆಲ್ಲಿ ಬೇಕಾಗುತ್ತದೆಂದು ಪಟ್ಟಿ ಮಾಡುತ್ತಾನೆ. ಅದರಲ್ಲಿ ಅರ್ಥಶಾಸ್ತ್ರವಿದೆ, ವೈದ್ಯವಿದೆ, ವಾಸ್ತುವಿದೆ, ಅಡುಗೆಯ ಶಾಸ್ತ್ರವೂ ಇದೆ. ಜೊತೆಗೆ ಛಂದಸ್ಸು, ಅಲಂಕಾರ, ಕಾವ್ಯ, ವ್ಯಾಕರಣಗಳೂ ಇವೆ. ನಮ್ಮ ವಿಭಾಗಗಳ ಗೋಡೆ ಅವನಿಗೆ ಗೊತ್ತಿರಲಿಲ್ಲ.

ಈ ಗ್ರಂಥದ ಮಿಶ್ರಕವ್ಯವಹಾರದಲ್ಲಿ ಬರುವ ಒಂದು ಸಮಸ್ಯೆಯ ತಾತ್ಪರ್ಯ ಹೀಗಿದೆ. ಒಂಬತ್ತು ಮಾದಲಹಣ್ಣು ಮತ್ತು ಏಳು ಬೇಲದಹಣ್ಣುಗಳಿಗೆ ಸೇರಿ ಬೆಲೆ 107. ಏಳು ಮಾದಲಹಣ್ಣು ಮತ್ತು ಒಂಬತ್ತು ಬೇಲದಹಣ್ಣುಗಳಿಗೆ ಸೇರಿ ಬೆಲೆ 101. ಹಾಗಾದರೆ ಒಂದೊಂದು ಹಣ್ಣಿನ ಬೆಲೆ ಎಷ್ಟು?

ಇಲ್ಲಿಯೂ ಬೆಲೆ ಮುಚ್ಚಿಯೇ ಇದೆ. ಆದರೆ ಅದನ್ನು ತೆರೆಯುವ ಕೀಲಿಕೈಯನ್ನು ಪ್ರಶ್ನೆಯಲ್ಲಿಯೇ ಇಡಲಾಗಿದೆ. ಆಚಾರ್ಯನ ಸೂತ್ರದಂತೆ ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದಲೂ ಸಣ್ಣ ಮೊತ್ತವನ್ನು ಸಣ್ಣ ಸಂಖ್ಯೆಯಿಂದಲೂ ಗುಣಿಸಿ, ಒಂದರಿಂದ ಇನ್ನೊಂದನ್ನು ಕಳೆದು, ಸಂಖ್ಯೆಗಳ ವರ್ಗಗಳ ಅಂತರದಿಂದ ಭಾಗಿಸಬೇಕು. 107ನ್ನು 9ರಿಂದ ಗುಣಿಸಿದರೆ 963, 101ನ್ನು 7ರಿಂದ ಗುಣಿಸಿದರೆ 707, ಅಂತರ 256. ಒಂಬತ್ತರ ವರ್ಗ 81, ಏಳರ ವರ್ಗ 49, ಅಂತರ 32. 256ನ್ನು 32ರಿಂದ ಭಾಗಿಸಿದರೆ ಮಾದಲಹಣ್ಣಿನ ಬೆಲೆ 8. ಮೊತ್ತಗಳನ್ನು ಅದಲುಬದಲು ಮಾಡಿ ಗುಣಿಸಿ ಹೀಗೆಯೇ ಸಾಗಿದರೆ ಬೇಲದಹಣ್ಣಿನ ಬೆಲೆ 5. ತಾಳೆ ನೋಡಿ: 72 ಮತ್ತು 35 ಸೇರಿ 107; 56 ಮತ್ತು 45 ಸೇರಿ 101.

ಇನ್ನೊಂದು ಸಮಸ್ಯೆ ಇದಕ್ಕೆ ವಿರುದ್ಧ ದಿಕ್ಕಿನದು. ಇಲ್ಲಿ ದರಗಳೆಲ್ಲ ಬಹಿರಂಗ: ಪಾರಿವಾಳ ಮೂರು ಪಣಕ್ಕೆ ಐದು, ಸಾರಸ ಐದು ಪಣಕ್ಕೆ ಏಳು, ಹಂಸ ಏಳು ಪಣಕ್ಕೆ ಒಂಬತ್ತು, ನವಿಲು ಒಂಬತ್ತು ಪಣಕ್ಕೆ ಮೂರು. ರಾಜಕುಮಾರನ ವಿನೋದಕ್ಕಾಗಿ ನೂರು ಪಣಕ್ಕೆ ಸರಿಯಾಗಿ ನೂರು ಹಕ್ಕಿಗಳನ್ನು ತರಬೇಕು. ಹದಿನೈದು ಪಾರಿವಾಳ, ಇಪ್ಪತ್ತೆಂಟು ಸಾರಸ, ನಲವತ್ತೈದು ಹಂಸ, ಹನ್ನೆರಡು ನವಿಲು ತಂದರೆ ಲೆಕ್ಕ ಸರಿಯಾಗುತ್ತದೆ. ಬೆಲೆ ಕ್ರಮವಾಗಿ 9, 20, 35, 36 ಪಣ. ಆದರೆ ಇಪ್ಪತ್ತು ಪಾರಿವಾಳ, ಹದಿನಾಲ್ಕು ಸಾರಸ, ಐವತ್ತನಾಲ್ಕು ಹಂಸ, ಹನ್ನೆರಡು ನವಿಲು ತಂದರೂ ಸರಿಯೇ. ದರದಲ್ಲಿ ಹೇಳಿದಂತೆ ಇಡಿಯ ಗುಂಪುಗಳಾಗಿಯೇ ಕೊಳ್ಳುವುದೆಂದೂ ನಾಲ್ಕು ಬಗೆಯ ಹಕ್ಕಿಗಳೂ ಇರಬೇಕೆಂದೂ ಇಟ್ಟುಕೊಂಡರೆ ಒಟ್ಟು ಆರು ಉತ್ತರಗಳು ಸಿಗುತ್ತವೆ. ದೂರದರ್ಶನದ ಆಟದಲ್ಲಿ ಉತ್ತರ ಒಂದೇ, ಅದೂ ಮಾರುವವನ ಕೈಯಲ್ಲಿ. ಇಲ್ಲಿ ಉತ್ತರಗಳು ಹಲವು, ಆಯ್ಕೆ ಕೊಳ್ಳುವವನದು.

ಈ ಗ್ರಂಥಕ್ಕೂ ಕರಾವಳಿಗೂ ಇರುವ ನಂಟನ್ನು ಇಲ್ಲಿ ನೆನೆಯಬೇಕು. ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಇದನ್ನು ಸಂಪಾದಿಸಿ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದಾಗ ಮೂಡಬಿದಿರೆಯಿಂದ ಬಂದ ಕನ್ನಡ ಲಿಪಿಯ ಓಲೆಪ್ರತಿಯೂ ಅವರ ನೆರವಿಗೆ ಒದಗಿತ್ತು. ಮಂಗಳೂರಿನಿಂದ ಒಂದೆರಡು ಗಂಟೆಯ ದಾರಿಯಾಚೆ ತಾಳೆಗರಿಯಲ್ಲಿ ಉಳಿದುಬಂದ ಲೆಕ್ಕ ಹೀಗೆ ಜಗತ್ತಿನ ಗಣಿತ ಚರಿತ್ರೆಯನ್ನು ಸೇರಿತು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂದ ಮೇಲೆ, ಭಾಷೆ ಬಾರದೆಂಬ ನೆಪವೂ ನಮಗೆ ಉಳಿದಿಲ್ಲ.

ರಾಜಾದಿತ್ಯನ ಕನ್ನಡ

ಸಂಸ್ಕೃತದಲ್ಲಿದ್ದ ಈ ವಿದ್ಯೆಯನ್ನು ಕನ್ನಡಕ್ಕೆ ತಂದವರಲ್ಲಿ ಅಗ್ರಗಣ್ಯನು ಹನ್ನೆರಡನೆಯ ಶತಮಾನದ ರಾಜಾದಿತ್ಯ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ವ್ಯವಹಾರರತ್ನ’, ‘ಲೀಲಾವತಿ’, ‘ಚಿತ್ರಹಸುಗೆ’ ಮೊದಲಾದ ಕೃತಿಗಳು ಅವನ ಹೆಸರಿನಲ್ಲಿವೆ. ಸೂತ್ರವನ್ನು ಪದ್ಯದಲ್ಲಿ ಹೇಳಿ, ಉದಾಹರಣೆ ಕೊಟ್ಟು, ಲೆಕ್ಕವನ್ನು ಗದ್ಯದಲ್ಲಿ ಬಿಡಿಸಿ ತೋರಿಸುವುದು ಅವನ ಕ್ರಮ. ಪಂಪರನ್ನರ ಚಂಪೂ ಪರಂಪರೆ ಕಥೆಗೆ ದುಡಿಸಿಕೊಂಡ ಗದ್ಯಪದ್ಯಗಳ ಜೋಡಿಯನ್ನು ಈತ ಪೇಟೆಯ ಲೆಕ್ಕಕ್ಕೆ ದುಡಿಸಿಕೊಂಡನು. ಪದ್ಯ ನೆನಪಿಗೆ, ಗದ್ಯ ತಿಳಿವಿಗೆ.

‘ವ್ಯವಹಾರ’ ಶಬ್ದದ ತದ್ಭವವಾದ ‘ಬೇಹಾರ’ ಹಳಗನ್ನಡದಲ್ಲಿ ವ್ಯಾಪಾರವೆಂಬ ಅರ್ಥಕ್ಕೆ ನಿಂತಿತು; ಬೇಹಾರಿ ಎಂದರೆ ವರ್ತಕ. ‘ಬೆಲೆ’ಯಾದರೋ ಅಚ್ಚ ದ್ರಾವಿಡ ಶಬ್ದ: ತಮಿಳಿನ ವಿಲೈ, ಮಲಯಾಳದ ವಿಲ, ತೆಲುಗಿನ ವೆಲ, ತುಳುವಿನ ಬಿಲೆ ಇದರ ಒಡಹುಟ್ಟುಗಳು. ಇದಕ್ಕೆ ನಾವು ಜೋಡಿಸುವ ಕ್ರಿಯಾಪದವನ್ನು ಗಮನಿಸಿ: ಕನ್ನಡದಲ್ಲಿ ಬೆಲೆಯನ್ನು ‘ಕಟ್ಟುತ್ತೇವೆ’. ಮನೆಯನ್ನು ಕಟ್ಟುವಂತೆ, ಮಾಲೆಯನ್ನು ಕಟ್ಟುವಂತೆ ಬೆಲೆಯೂ ಒಂದಕ್ಕೊಂದು ಸೇರಿಸಿ ಕಟ್ಟಬೇಕಾದದ್ದು. ಕಟ್ಟಿದ್ದನ್ನು ಬಿಚ್ಚಿ ನೋಡಲೂ ಬರುತ್ತದೆ. ಈ ನುಡಿಗಟ್ಟಿನಲ್ಲಿ ರಾಜಾದಿತ್ಯನ ವಿದ್ಯೆಯ ಸಾರವೇ ಇದೆ.

ಭಾಗಾಪವಾಹವೆಂಬ ರಿಯಾಯಿತಿ

ಬಲ್ಮಠದ ಫಲಕಗಳಿಗೆ ಮರಳೋಣ. ಶೇಕಡ 50, ಮೇಲೆ ಶೇಕಡ 20 ಎಂದಾಗ ಬಹುಮಂದಿಯ ಮನಸ್ಸು ಎರಡನ್ನೂ ಕೂಡಿಸಿ 70 ಎಂದು ಓದುತ್ತದೆ. 2,500 ರೂಪಾಯಿಯ ಸೀರೆ 750 ರೂಪಾಯಿಗೆ ಸಿಕ್ಕೀತೆಂದು ಒಳಗೆ ಹೋದವರು 1,000 ರೂಪಾಯಿ ತೆತ್ತು ಬರುತ್ತಾರೆ. ಇಲ್ಲಿ ಮೋಸವಿಲ್ಲ, ಎರಡನೆಯ ಕಡಿತ ಮೊದಲ ಕಡಿತದ ನಂತರ ಉಳಿದ 1,250ರ ಮೇಲೆ ನಡೆಯುತ್ತದೆ, ಅಷ್ಟೆ.

ಗಣಿತಸಾರಸಂಗ್ರಹದ ಕಲಾಸವರ್ಣವ್ಯವಹಾರ, ಅಂದರೆ ಭಿನ್ನರಾಶಿಗಳ ಅಧ್ಯಾಯ, ಈ ಕ್ರಿಯೆಗೆ ಒಂದು ಹೆಸರನ್ನೇ ಇಟ್ಟಿದೆ: ಭಾಗಾಪವಾಹ. ಒಂದು ರಾಶಿಯಿಂದ ಅದರದೇ ಭಾಗವನ್ನು ಕಳೆಯುವುದು, ಉಳಿದುದರಿಂದ ಮತ್ತೆ ಅದರ ಭಾಗವನ್ನು ಕಳೆಯುವುದು. ಇದಕ್ಕೆ ಜೋಡಿಯಾದುದು ಭಾಗಾನುಬಂಧ. ರಾಶಿಗೆ ಅದರದೇ ಭಾಗವನ್ನು ಸೇರಿಸುವುದು. ಇಂದಿನ ಭಾಷೆಯಲ್ಲಿ ಮೊದಲನೆಯದು ರಿಯಾಯಿತಿ, ಎರಡನೆಯದು ತೆರಿಗೆ. ಒಂದರಿಂದ ಅರ್ಧ ಹೋದರೆ ಅರ್ಧ. ಅದರಿಂದ ಅದರ ಐದನೆಯ ಒಂದು ಭಾಗ ಹೋದರೆ ಐದರಲ್ಲಿ ಎರಡು. ಅಂದರೆ ದೊರೆತ ಕಡಿತ ಶೇಕಡ 60. ಕೂಡುವುದೂ ಕಳೆಯುವುದೂ ಪರಸ್ಪರ ರದ್ದಾಗುತ್ತವೆಂಬುದು ಇನ್ನೊಂದು ಭ್ರಮೆ. ಸಾವಿರಕ್ಕೆ ಶೇಕಡ ಐದು ಸೇರಿಸಿ, ಬಂದುದರಿಂದ ಶೇಕಡ ಐದು ಕಳೆದರೆ ಸಾವಿರ ಬರುವುದಿಲ್ಲ. 997 ರೂಪಾಯಿ 50 ಪೈಸೆ ಬರುತ್ತದೆ.

ಹಿಂದಿನ ತಲೆಮಾರಿನವರಿಗೆ ಈ ಲೆಕ್ಕ ಶೇಕಡದಲ್ಲಿ ಅಲ್ಲ, ಭಿನ್ನರಾಶಿಯಲ್ಲಿ ನಾಲಗೆಯ ಮೇಲಿತ್ತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವವರೆಗೆ ರೂಪಾಯಿಗೆ ಹದಿನಾರು ಆಣೆ, ನೂರ ತೊಂಬತ್ತೆರಡು ಕಾಸು. ರೂಪಾಯಿಗೆ ಎರಡಾಣೆ ಬಿಟ್ಟರೆ ಎಂಟರಲ್ಲಿ ಒಂದು ಭಾಗ ಬಿಟ್ಟಂತೆ ಎಂದು ಅಂಗಡಿಯ ಹುಡುಗನಿಗೂ ಗೊತ್ತಿತ್ತು. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳು ಇದಕ್ಕಾಗಿಯೇ ಇದ್ದವು. ಹದಿನಾರರಲ್ಲಿ ಒಂದು ಭಾಗಕ್ಕೆ ‘ವೀಸ’ವೆಂಬ ಹೆಸರು ನಮ್ಮ ಶಾಸನಗಳಷ್ಟು ಹಳೆಯದು.

ಊಹೆಗೆ ಗಣಿತದಲ್ಲಿ ಸ್ಥಾನವೇ ಇಲ್ಲವೆಂದು ಇದರಿಂದ ತಿಳಿಯಬಾರದು. ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ ಬರುವ ಇಷ್ಟಕರ್ಮವು ಊಹೆಯಿಂದಲೇ ಆರಂಭವಾಗುತ್ತದೆ. ಕೊನೆಯ ಬೆಲೆ 1,000 ಎಂದು ಗೊತ್ತು, ಮೊದಲ ಬೆಲೆ ತಿಳಿಯಬೇಕು. ಅದು 100 ಎಂದು ಸುಮ್ಮನೆ ಇಟ್ಟುಕೊಳ್ಳಿ. ಎರಡು ಕಡಿತಗಳಾದ ಮೇಲೆ 40 ಉಳಿಯುತ್ತದೆ. 40 ಉಳಿಯಲು 100 ಬೇಕಾದರೆ 1,000 ಉಳಿಯಲು ಎಷ್ಟು ಬೇಕು? ತ್ರೈರಾಶಿಕದಿಂದ 2,500. ಆಟದಲ್ಲಿ ತಪ್ಪಾದ ಊಹೆ ಸೋಲು. ಇಷ್ಟಕರ್ಮದಲ್ಲಿ ತಪ್ಪಾದ ಊಹೆಯೇ ಏಣಿಯ ಮೊದಲ ಮೆಟ್ಟಿಲು.

ಬಲ್ಮಠ: ಪುಸ್ತಕಕ್ಕೆ ಬೆಲೆ ಬಂದ ಕಥೆ

ಬೆಲೆಯ ಚರಿತ್ರೆಯಲ್ಲಿ ಬಲ್ಮಠಕ್ಕೆ ಬೇರೆಯೇ ಒಂದು ಸ್ಥಾನವಿದೆ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅದು ಶಾಸ್ತ್ರದಾನ, ಬರೆಸಿದವಳಿಗೆ ವೆಚ್ಚವಿತ್ತು, ಪಡೆದವನಿಗೆ ಬೆಲೆಯಿರಲಿಲ್ಲ. ಗ್ರಂಥ ಮಾರಾಟದ ಸರಕಾಗಿ, ಯಾರು ಬೇಕಾದರೂ ಹಣ ಕೊಟ್ಟು ಕೊಳ್ಳಬಹುದಾದ ವಸ್ತುವಾಗಿ ಕನ್ನಡದಲ್ಲಿ ಬೇರೂರಿದ್ದು ಮುದ್ರಣದಿಂದ. ಆ ಚರಿತ್ರೆಯ ಮುಖ್ಯ ನೆಲೆಗಳಲ್ಲಿ ಒಂದು ಬಲ್ಮಠದ ಗುಡ್ಡ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದಿತು. ವರ್ತಮಾನಕ್ಕೂ ಅಂದಿನಿಂದ ಒಂದು ಬೆಲೆ.

ಈ ಮುದ್ರಣಾಲಯ ಹಳಗನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಫರ್ಡಿನೆಂಡ್ ಕಿಟೆಲರ ಸಂಪಾದನೆಯಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ 1872ರಲ್ಲಿಯೂ ನಾಗವರ್ಮನ ‘ಛಂದೋಂಬುಧಿ’ 1875ರಲ್ಲಿಯೂ ಮಂಗಳೂರಿನಲ್ಲಿ ಅಚ್ಚಾದವು. 1894ರಲ್ಲಿ ಅವರ ನಿಘಂಟು ಬಂದಿತು. ಆದರೆ ವ್ಯಾಕರಣ ಛಂದಸ್ಸುಗಳಿಗೆ ಇಷ್ಟು ಬೇಗ ಒದಗಿದ ಭಾಗ್ಯ ವ್ಯವಹಾರಗಣಿತಕ್ಕೆ ಒದಗಲಿಲ್ಲ. ರಾಜಾದಿತ್ಯನು ಎಂ. ಮರಿಯಪ್ಪ ಭಟ್ಟರಂತಹ ಸಂಪಾದಕರ ಕೈಗೆ ಬರಲು ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಕಾಯಬೇಕಾಯಿತು. ಕಿಟೆಲರ ನಿಘಂಟನ್ನು ಪರಿಷ್ಕರಿಸಿದವರೂ ಇದೇ ಭಟ್ಟರು ಎಂಬುದನ್ನು ನೆನೆದರೆ ಮನಸ್ಸಿಗೆ ಸ್ವಲ್ಪ ಸಮಾಧಾನ. ಆದರೂ ಆ ತಡದ ಪರಿಣಾಮ ಇಂದಿಗೂ ಉಳಿದಿದೆ. ಕೇಶಿರಾಜನನ್ನು ಓದದೆ ಕನ್ನಡ ಎಂ.ಎ. ಮುಗಿಯದು, ರಾಜಾದಿತ್ಯನ ಹೆಸರನ್ನು ಒಂದು ವಾಕ್ಯದಲ್ಲಿ ಕೇಳಿಯೇ ಮುಗಿಯುತ್ತದೆ.

ಬೆಲೆಯನ್ನು ಯಾರು ಹೇಳಬೇಕು?

ಬೆಲೆ ತಿಳಿಯದಿರುವುದು ಆಟದಲ್ಲಿ ವಿನೋದ. ಬದುಕಿನಲ್ಲಿ ಅದು ನಷ್ಟ. ದಕ್ಷಿಣ ಕನ್ನಡದ ಅಡಿಕೆ ಬೆಳೆಗಾರನಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮೂಟೆಯೊಡನೆ ಪೇಟೆಗೆ ಬಂದ ಮೇಲೆಯೇ ಅಂದಿನ ಧಾರಣೆ ತಿಳಿಯುವಂತಿದ್ದ ಕಾಲದಲ್ಲಿ ಬೆಲೆಯ ಚೀಟಿಯ ಮೇಲೆ ಬಟ್ಟೆ ಮುಚ್ಚಿದವನು ಕೊಳ್ಳುವವನೇ ಆಗಿದ್ದನು. 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ, 1973ರ ಜುಲೈಯಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಮಂಗಳೂರಿನಲ್ಲಿ ಹುಟ್ಟಿತು. ಹೊಸ ಚಾಲಿ, ಹಳೆಯ ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಬಗೆಬಗೆಯ ಅಡಿಕೆಗೆ ಇಂದಿನ ಧಾರಣೆ ಇಷ್ಟು ಎಂದು ಬೆಳಗ್ಗೆ ತಿಳಿದುಕೊಂಡು ಹೊರಡುವ ಬೆಳೆಗಾರ ಊಹೆಯಿಂದ ಬಿಡುಗಡೆ ಪಡೆದವನು. ಮೂರು ಪಣಕ್ಕೆ ಐದು ಪಾರಿವಾಳ ಎಂದು ದರವನ್ನು ಬಹಿರಂಗವಾಗಿ ಹೇಳಿದ ಲೆಕ್ಕದ ಪುಸ್ತಕದ ನ್ಯಾಯವೇ ಇದು.

ಪೊಟ್ಟಣದ ಸರಕುಗಳ ಮೇಲೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆಯನ್ನು ಅಚ್ಚು ಹಾಕಬೇಕೆಂಬ ನಮ್ಮ ದೇಶದ ಕಾನೂನೂ ಇದೇ ದಿಕ್ಕಿನದು. ಆದರೆ ಅದಕ್ಕೊಂದು ಮಿತಿಯಿದೆ. ಅಚ್ಚಾದ ಬೆಲೆಯನ್ನು ಮೀರಿ ಮಾರಬಾರದೆಂದು ಕಾನೂನು ಹೇಳುತ್ತದೆ. ಆ ಬೆಲೆಯನ್ನು ಬರೆಯುವ ಕೈ ಮಾತ್ರ ತಯಾರಕನದು. ರಿಯಾಯಿತಿಯ ಲೆಕ್ಕವೆಲ್ಲ ಶುರುವಾಗುವುದು ಈ ಮೊದಲ ಅಂಕಿಯಿಂದ. ತ್ರೈರಾಶಿಕದ ಪರಿಭಾಷೆಯಲ್ಲಿ ಮೂರು ರಾಶಿಗಳು: ಪ್ರಮಾಣ, ಫಲ, ಇಚ್ಛೆ. ಇಚ್ಛೆ ಕೊಳ್ಳುವವನದು, ಫಲ ಲೆಕ್ಕದ್ದು. ಪ್ರಮಾಣವೇ ಉಬ್ಬಿದ್ದರೆ ಎಷ್ಟು ಸರಿಯಾಗಿ ಗುಣಿಸಿ ಭಾಗಿಸಿದರೂ ಬರುವ ಉತ್ತರ ಸರಿಯಾದೀತೇ?

ಗಣಿತ ಇಲ್ಲಿಗೆ ನಿಲ್ಲುತ್ತದೆ. ಮುಂದಿನದು ಆಚಾರದ ಮಾತು. ಜೈನ ಶ್ರಾವಕಾಚಾರದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಕೊಡುವುದಕ್ಕೊಂದು, ಕೊಳ್ಳುವುದಕ್ಕೊಂದು ಅಳತೆ ಇಟ್ಟುಕೊಳ್ಳುವುದನ್ನೂ ಕೀಳು ಸರಕನ್ನು ಬೆರೆಸಿ ಮಾರುವುದನ್ನೂ ಕಳ್ಳತನದ ಸಾಲಿನಲ್ಲಿ ನಿಲ್ಲಿಸಿದ್ದಾರೆ. ವರ್ತಕರೇ ಬಹುಸಂಖ್ಯೆಯಲ್ಲಿದ್ದ ಸಮಾಜವೊಂದು ತನ್ನ ಜನರಿಗೆ ತಾನೇ ಹಾಕಿಕೊಂಡ ಕಟ್ಟು ಇದು. ಅಳತೆ ಸುಳ್ಳಾಗಬಾರದೆಂಬ ಈ ವ್ರತವೂ ಲೆಕ್ಕ ತಪ್ಪಬಾರದೆಂಬ ಗಣಿತಸಾರಸಂಗ್ರಹದ ಶಿಕ್ಷಣವೂ ಒಂದೇ ಜನಕ್ಕೆ, ಒಂದೇ ಪೇಟೆಗೆ ಉದ್ದೇಶಿಸಿದವು. ಒಂದನ್ನು ಧರ್ಮವೆಂದೂ ಇನ್ನೊಂದನ್ನು ಶಾಸ್ತ್ರವೆಂದೂ ಬೇರೆ ಬೇರೆ ಕಪಾಟುಗಳಲ್ಲಿ ಇಟ್ಟವರು ನಾವು.

ಅಂದು ಬಲ್ಮಠದಲ್ಲಿ ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ಈಗ ಹೀಗೆ ಹೇಳಬಹುದು: ಬೆಲೆಯನ್ನು ಊಹಿಸಿ ಗೆಲ್ಲುವ ಆಟವನ್ನು ನಮ್ಮ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಹುಡುಕಬೇಡ. ಬೆಲೆಯ ಮೇಲೆ ಮುಚ್ಚಿದ ಬಟ್ಟೆಯನ್ನು ಎತ್ತುವ ವಿದ್ಯೆಯನ್ನು ಹುಡುಕು. ಮಾದಲಹಣ್ಣು ಎಂಟಕ್ಕೆ, ಬೇಲದಹಣ್ಣು ಐದಕ್ಕೆ ಎಂಬ ಉತ್ತರ ಇಂದಿಗೂ ತಾಳೆಯಾಗುತ್ತದೆ. ಬೇಕಾದರೆ ನೀನೇ ಕೂಡಿಸಿ ನೋಡು.